ದೋಸೆ ಹುಯ್ಯುವವಳ ಎದೆಯುರಿ

ಎದೆಯುರಿಯ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ, ಅರ್ಧ ಗಂಟೆ ಬಿಟ್ಟು ತಿಂಡಿ ತಿನ್ನಲೇಬೇಕು ಎಂದಿದ್ದರು ಡಾಕ್ಟರು. ಆ ಅರ್ಧ ಗಂಟೆ ಕಳೆದು ಎಷ್ಟೋ ಹೊತ್ತಾಗಿತ್ತು. ಮಕ್ಕಳು ತಿಂದು ಶಾಲೆಗೆ ಹೋಗಿದ್ದರು. ಸರ್ವಮಂಗಳ ಇನ್ನೂ ಕಾವಲಿಯ ಮುಂದೆಯೇ ನಿಂತಿದ್ದಳು. ಹುಳಿತೇಗು ಗಂಟಲಿಗೆ ಬಂದು ಸುಡುತ್ತಿತ್ತು.

"ಮಾತ್ರೆ ಗೀತ್ರೆ ಬಿಟ್ಟು ಜೀರಿಗೆ ಕಷಾಯ ಕುಡಿಯೇ," ಎಂದ ಗಂಡ, ದೋಸೆ ಮುರಿಯುತ್ತ. "ಇನ್ನೊಂದು ಹಾಕು. ಗರಿಗರಿಯಾಗಿರ್ಲಿ."

"ಕಷಾಯನೂ ಕುಡಿದಾಯ್ತು, ಮಜ್ಜಿಗೆನೂ ಕುಡಿದಾಯ್ತು. ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ತಿಂಡಿ ಬೀಳ್ಬೇಕು ಕಣ್ರೀ! ದೋಸೆ ಹುಯ್ಯೋಳು ಕೊನೇಲೇ ತಿನ್ಬೇಕು ಅಂತ ಯಾವ ಶಾಸ್ತ್ರದಲ್ಲಿದೆ?" ಅವಳು ಸೌಟನ್ನು ಹಿಟ್ಟಿನ ಪಾತ್ರೆಗೆ ಕುಕ್ಕಿದಳು.

"ನೋಡಮ್ಮಾ ನಿನ್ನ ಸೊಸೆ ಬಾಯಿನ! ನೀನು ಒಂದಿನಾದ್ರೂ ಹಿಂಗಂದಿದ್ಯಾ?"

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು. ಬೈಸಿಕೊಳ್ಳಲು ಸರ್ವಮಂಗಳ ಹಲ್ಲು ಕಚ್ಚಿ ನಿಂತಳು.

"ಅನ್ಲಿಲ್ಲ ಕಣೋ. ಅದಕ್ಕೇ ಎದೆಯುರಿಗೆ ಹೆದರಿ ಇವತ್ತಿಗೂ ಗೋಡೆಗೆ ಒರಗಿಕೊಂಡೇ ನಿದ್ದೆ ಮಾಡ್ತೀನಿ," ಎಂದು ಅತ್ತೆ ಮಗನ ಮುಂದಿನ ತಟ್ಟೆ ಎತ್ತಿದರು. "ಏಳು ಮೇಲೆ. ನಮ್ಮಿಬ್ರಿಗೂ ದೋಸೆ ಹುಯ್ಯಿ."