ಹದಿನೈದು ಗಂಟೆಗಳ ಜೈಲು

“ಸ್ವಿಚ್ ಬೋರ್ಡಿನ ಮೇಲೆ ಈ ಕೋಚ್‌ನ ಕೈ ಇದ್ದದ್ದು ನೋಡಿದೆಯಾ?” ಪೊಲೀಸ್ ಅಧಿಕಾರಿ ಹಿಂದಿಯಲ್ಲಿ ಮತ್ತೆ ಕೇಳಿದ.

ಹೊರಗೆ ಮಟಮಟ ಮಧ್ಯಾಹ್ನದ ಬಿಸಿಲು; ಕೋಣೆಯಲ್ಲಿ ಟ್ಯೂಬ್‌ಲೈಟು ಸುಮ್ಮನೆ ಉರಿಯುತ್ತಿತ್ತು. ಗೋಡೆಯ ಸ್ವಿಚ್ಚಿನತ್ತ ತಾನಾಗಿ ಚಾಚಿದ ಕೈಯನ್ನು ಅಕ್ಷಯಾ ಮಡಿಲಿಗೆ ಎಳೆದುಕೊಂಡಳು.

“ಹೆದರ್ಬೇಡಮ್ಮಾ,” ಮ್ಯಾನೇಜರ್ ಗೋಪಾಲಕೃಷ್ಣ ಪಿಸುಗುಟ್ಟಿದರು. “ನಿನ್ನ ಮಾತೊಂದೇ ಸಾಕ್ಷಿ.”

ಎದುರಿನ ಬೆಂಚಿನಲ್ಲಿ ಕೋಚ್ ಬ್ಯೋನ್ ಕೂತಿದ್ದ. ಆರಡಿಯ ಕೊರಿಯಾದವ. ಮುರಿದು ಕೂಡಿದ ಮೂಗು, ಮುಂದಿನ ಎರಡು ಹಲ್ಲು ಇಲ್ಲ. ಅವನು ಅವಳತ್ತ ನೋಡಲೇ ಇಲ್ಲ.

ತೈಲದ ಬೆಲೆ ನೆಲಕಚ್ಚಿದ ಮೇಲೆ ಕೊಲ್ಲಿ ನಾಡಿನ ಘಾಲಾದ ಅವರ ಐಸ್ ಹಾಕಿ ಅಂಗಳದಲ್ಲಿ ಉಳಿದವರು ನಾಲ್ಕೇ ಜನ. ಮಂಜುಗಡ್ಡೆ ನುಣುಪು ಮಾಡುವ ಗ್ಯಾಸ್ ಯಂತ್ರದ ಚಾಲಕನನ್ನೂ ಊರಿಗೆ ಕಳಿಸಿ, ಆ ಕೆಲಸವನ್ನು ಕೋಚ್‌ನ ತಲೆಗೇ ಕಟ್ಟಿದ್ದರು. ಯಂತ್ರ ಓಡುವಾಗ ಅದರ ವಿಷದ ಹೊಗೆಯನ್ನು ಹೊರಗೆಳೆಯುವ ಫ್ಯಾನು ತಿರುಗುತ್ತಿರಲೇಬೇಕು. ಶುಕ್ರವಾರ ಅದು ತಿರುಗಲಿಲ್ಲ. ಹನ್ನೊಂದು ಮಕ್ಕಳು ಮಂಜಿನ ಮೇಲೆ ಬಿದ್ದರು. ಹತ್ತು ಎದ್ದವು. ಒಂಬತ್ತು ವರ್ಷದ ಖುಷಿ ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಫ್ಯಾನು ಕೆಟ್ಟಿರಲಿಲ್ಲ. ಯಾರೋ ಆರಿಸಿದ್ದರು. ಆರಿಸಿದವರಿಗೆ ಜೈಲು.

“ನಾನೇ,” ಎಂದಿದ್ದ ಬ್ಯೋನ್, ಯಾರೂ ಕೇಳುವ ಮೊದಲೇ. “ಅದರ ಸದ್ದಿಗೆ ತಲೆ ಸಿಡಿಯುತ್ತಿತ್ತು.” ಮಕ್ಕಳು ಬಿದ್ದ ಮೇಲೆ ಬೋರ್ಡಿನ ಬಳಿ ಅವನನ್ನು ಕಂಡವಳು ಅಕ್ಷಯಾ ಒಬ್ಬಳೇ.

ಕೂಲಿಂಗ್ ಯಂತ್ರ ನೋಡಿಕೊಳ್ಳುವ ಸುಕೇಶನಿಗೆ ಅಚ್ಚರಿಯೇ ಆಗಲಿಲ್ಲ. ಕೊರಿಯಾದ ಲೀಗಿನಲ್ಲಿ ಬ್ಯೋನನ ದಾಖಲೆಯನ್ನು ಅವನು ಹಿಂದೆಯೇ ಮೊಬೈಲಿನಲ್ಲಿ ಹುಡುಕಿ ಎಲ್ಲರೆದುರು ಓದಿದ್ದ. “ನೋಡು ಮಾರಾಯ್ತಿ! ಹದಿನಾಲ್ಕು ವರ್ಷ ಡಿಫೆಂಡರ್, ಮೂರೇ ಮೂರು ಗೋಲು. ತಪ್ಪಿಗೆ ಶಿಕ್ಷೆ ಅಂತ ಆ ಗಾಜಿನ ಗೂಡಲ್ಲಿ ಕೂತದ್ದು ಒಂಬೈನೂರು ನಿಮಿಷ. ಹದಿನೈದು ಗಂಟೆ ಜೈಲು! ಇವ ಆಟಗಾರನಾ, ರೌಡಿಯಾ?”

ಬ್ಯೋನ್ ಬೊಚ್ಚುಬಾಯಲ್ಲಿ ನಕ್ಕಿದ್ದ. “ಅರ್ಧ ನನ್ನದಲ್ಲ. ಗೋಲ್‌ಕೀಪರ್ ತಪ್ಪು ಮಾಡಿದರೆ ಅವನನ್ನು ಹೊರಗೆ ಕಳಿಸುವುದಿಲ್ಲ. ಬದಲಿಗೆ ಇನ್ನೊಬ್ಬ ಕೂರಬೇಕು. ನಮ್ಮಲ್ಲಿ ನಾನು ಕೂರುತ್ತಿದ್ದೆ.”

“ಹೌದಾ? ಜೈಲಿಗೆ ಹೋದವರೆಲ್ಲ ಹೀಗೇ ಹೇಳೂದು,” ಎಂದಿದ್ದ ಸುಕೇಶ.

ಟಿಕೆಟ್ ಕೌಂಟರಿನ ಗಾಜಿನ ಹಿಂದೆ ದಿನವಿಡೀ ಮಾತಿಲ್ಲದೆ ಕೂರುವ ಅಕ್ಷಯಾಳಿಗೆ ಬ್ಯೋನ್ ಇಟ್ಟ ಹೆಸರೇ ‘ಗೋಲ್‌ಕೀಪರ್’. ಅಪ್ಪನ ಕೆಲಸ ಹೋಗಿ ಏಳು ತಿಂಗಳಾಗಿತ್ತು. ಅಲ್ ಅಜೈಬಾದ ಮನೆಯ ಒಲೆ ಉರಿಯುತ್ತಿದ್ದುದು ಅವಳ ದುಡಿಮೆಯಿಂದ. ಅದು ಅವನಿಗೂ ಗೊತ್ತಿತ್ತು. ಅಂಥವನ ವಿರುದ್ಧ ನುಡಿಯಲು ನಾಲಗೆ ಏಳುವುದು ಹೇಗೆ?

“ನೋಡಿದ್ದು ಹೇಳು, ಖಲಾಸ್,” ಎಂದು ಸುಕೇಶ ಠಾಣೆಯ ಬಾಗಿಲಲ್ಲೇ ಹೇಳಿ ಒಳಗೆ ಕಳಿಸಿದ್ದ. “ಸತ್ತ ಮಗುವಿನ ಮುಖ ನೆನಪು ಮಾಡಿಕೋ.”

ನೆನಪು ಮಾಡಿಕೊಳ್ಳಬೇಕಾದ್ದೇ ಇರಲಿಲ್ಲ. ಕಣ್ಣು ಮುಚ್ಚಿದರೆ ಖುಷಿಯೇ.

“ಕೊನೆಯ ಸಲ ಕೇಳುತ್ತೇನೆ. ಬೋರ್ಡಿನ ಮೇಲೆ ಇವನ ಕೈ ಇತ್ತೋ, ಇಲ್ಲವೋ?”

“ಇತ್ತು,” ಎಂದಳು ಅಕ್ಷಯಾ. “ನೋಡಿದೆ.”

ಅಧಿಕಾರಿ ಬರೆದುಕೊಂಡ. ಗೋಪಾಲಕೃಷ್ಣ ನಿಟ್ಟುಸಿರು ಬಿಟ್ಟರು. ಬೇಡಿ ಹಾಕಿಸಿಕೊಂಡು ಎದ್ದ ಬ್ಯೋನ್ ಅವಳನ್ನು ದಾಟುವಾಗ ಒಂದು ಕ್ಷಣ ನಿಂತ. “ಅಳಬೇಡ,” ಎಂದ. “ನನಗೆ ಅಭ್ಯಾಸವಿದೆ.”

ಸುಕೇಶ ಅವಳನ್ನು ಕಾರಿನಲ್ಲಿ ಅಂಗಳಕ್ಕೆ ಬಿಟ್ಟ. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ದೀಪಗಳು ಉರಿಯುತ್ತಿದ್ದವು. ಬೋರ್ಡಿನ ಮೇಲೆ ಗೋಪಾಲಕೃಷ್ಣರು ಅಂಟಿಸಿದ್ದ ಚೀಟಿ: ‘ಕರೆಂಟು ಉಳಿಸಿ, ಕೆಲಸ ಉಳಿಸಿಕೊಳ್ಳಿ.’ ಅದರ ಕೆಳಗೆ ಸಾಲಾಗಿ ನಾಲ್ಕು ಸ್ವಿಚ್ಚು. ಮೂರು ದೀಪದವು, ನಾಲ್ಕನೆಯದು ಫ್ಯಾನಿನದು. ಕೌಂಟರಿಗೆ ಹೋಗುವ ದಾರಿಯಲ್ಲಿ ಅವಳ ಅಂಗೈ ಎಂದಿನಂತೆ, ನೋಡದೆಯೇ, ಒಮ್ಮೆಗೇ ನಾಲ್ಕನ್ನೂ ಸವರಿ ಆರಿಸಿತು.

ಶುಕ್ರವಾರ ಆರಿಸಿದಂತೆಯೇ.