ನಾಗರತ್ನಾ ಇಟ್ಟ ಪಾಸ್‌ವರ್ಡ್

ಕೌದಿಯಲ್ಲಿ ಸುತ್ತಿ ಸೈಕಲ್ಲಿನ ಮೇಲೆ ತಂದಿದ್ದ ಕಂಪ್ಯೂಟರನ್ನು ಹುಚ್ಚೇಶ ಶಮಾಳ ಮೇಜಿನ ಮೇಲಿಟ್ಟ. ಅವನ ಹೆಂಡತಿ ನಾಗರತ್ನಾ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಸೀರೆ ನೇಯುವ ಮಗ್ಗ ನಿಲ್ಲಿಸಿ ಬಂದವನು, ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ಅಕ್ಕಾರ, ಇದರಾಗ ಆಕಿ ಧ್ವನಿ ಐತ್ರಿ. ತಗದು ಕೊಡ್ರಿ," ಅಂದ. "ಜಡ್ಡು ಜೋರಾದ ಮ್ಯಾಲ ದಿನಾ ಮಧ್ಯಾಹ್ನ ಬಾಗಲಾ ಹಾಕ್ಕೊಂಡು, ಮೈಕ್ ಮುಂದ ಇಟಗೊಂಡು ಮಗಳಿಗಂತ ಏನೇನೋ ಮಾತಾಡ್ತಿದ್ಲು. ಏನದು ಅಂತ ಕೇಳಿದ್ರ, ಇನ್ನಾ ಮುಗದಿಲ್ಲ, ಮುಗದ ಮ್ಯಾಲ ಕೇಳೀರಂತ ಅಂತಿದ್ಲು. ಬಾಗಲಕೋಟಿ ದವಾಖಾನ್ಯಾಗ ಮಾತೇ ನಿಂತು ಹೋತು."

ತೆಗೆದು ನೋಡುವ ಅಗತ್ಯ ಶಮಾಳಿಗಿರಲಿಲ್ಲ. ಆ ಕಂಪ್ಯೂಟರಿಗೆ ಪಾಸ್‌ವರ್ಡಿನ ಬೀಗ ಹಾಕಿಕೊಟ್ಟವಳೇ ಅವಳು. ಇಳಕಲ್ಲಿನ ಹೈಸ್ಕೂಲಿನಲ್ಲಿ ಅವಳು ಗಣಿತ ಕಲಿಸುತ್ತಿದ್ದಳು, ನಾಗರತ್ನಾ ಕನ್ನಡ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಶಮಾಳಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶದ ಹುಚ್ಚು ಹತ್ತಿತ್ತು. ರಜೆ ಬಂದರೆ ಸಾಕು, ಏನಾದರೊಂದು ಪ್ರೋಗ್ರಾಂ ಬರೆಯುತ್ತ ಕೂಡುತ್ತಿದ್ದಳು. ಪರದೆಯ ಮೇಲೆ ಒಡೆದು ಕಾಣುತ್ತಿದ್ದ ಕನ್ನಡದ ಒತ್ತಕ್ಷರಗಳನ್ನು ಅವಳು ಸರಿಮಾಡಿ ತೋರಿಸಿದ ದಿನ, ಆ ಹುಚ್ಚು ನಾಗರತ್ನಾಳಿಗೂ ಅಂಟಿತು.

"ನಂದಷ್ಟಕ್ಕ ಒಂದು ಬೀಗ ಹಾಕಿಕೊಡು," ಎಂದು ಅವಳೇ ಒಮ್ಮೆ ಕೇಳಿದ್ದಳು. "ಮನಿ ತುಂಬ ಮಂದಿ. ನಂದಂತ ಒಂದು ಟ್ರಂಕೂ ಇಲ್ಲ ಅಲ್ಲಿ." ಶಮಾ ಉತ್ಸಾಹದಿಂದ ಹಾಕಿಕೊಟ್ಟಿದ್ದಳು. "ಇದನ್ನ ಪೊಲೀಸರೂ ತಗಿಯೂದಿಲ್ಲ, ನನಗೂ ತಗ್ಯಾಕ ಆಗೂದಿಲ್ಲ. ನಿನಗ ಭಾಳ ಸೇರೂದು ಯಾವದರ ಇಡು. ಮಂದಿಗೆ ಗೊತ್ತಿರಬಾರದು, ಅಷ್ಟ," ಎಂದಿದ್ದಳು. ನಾಗರತ್ನಾ ಪಾಸ್‌ವರ್ಡ್ ಹೊಡೆಯುವಾಗ ಶಮಾ ಬೇಕೆಂದೇ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು.

ಇದನ್ನೆಲ್ಲ ಹೇಳಿದಾಗ ಹುಚ್ಚೇಶನ ಮುಖ ಸ್ವಲ್ಪ ಹಗುರಾಯಿತು. ಈಗ ಕುರ್ಚಿ ಎಳೆದುಕೊಂಡು ಕೂತ.

"ಆಕಿಗೆ ಸೇರೂದು ಅಂದ್ರ ಮಗಳ ಹೆಸರ ಇರಬೇಕ್ರಿ. ಶ್ರುತಿ ಅಂತ ಹಾಕ್ರಿ."

ಶಮಾ ಕನ್ನಡದಲ್ಲಿ ಹಾಕಿದಳು, ಇಂಗ್ಲಿಷಿನಲ್ಲಿ ಹಾಕಿದಳು. ತೆರೆಯಲಿಲ್ಲ. ಮನೆದೇವತೆ ಬನಶಂಕರಿ ಅಂದ. ಹೆಂಡತಿಯ ತವರೂರು ಪಟ್ಟದಕಲ್ಲು ಅಂದ. ಲಗ್ನದ ತಾರೀಖು ಹೇಳಿದ. ತಪ್ಪು ಎಂಬ ಅದೇ ಒಂದು ಸಾಲು ಮತ್ತೆ ಮತ್ತೆ ಬಂತು. ಕೊನೆಗೆ ಸಂಕೋಚಪಡುತ್ತ, "ನನ್ನ ಹೆಸರು ಒಂದಸಲ..." ಅಂದವನು, ಅವಳು ಹೊಡೆದು ಮುಗಿಸುವತನಕ ಕಿಟಕಿಯ ಕಡೆ ನೋಡುತ್ತಿದ್ದ. ಅದಕ್ಕೂ ತೆರೆಯಲಿಲ್ಲ.

ಆ ಸಂಜೆ ಶಮಾ, ಆ ಬೀಗದ ಸಾಫ್ಟ್‌ವೇರ್ ಬರೆದವರಿಗೆ ಇಮೇಲ್ ಕಳಿಸಿದಳು. ಮುಖ ನೋಡಿರದ ಯಾವ ದೇಶದವನೋ ಸೌಜನ್ಯದಿಂದಲೇ ಉತ್ತರಿಸಿದ: ನಿಮ್ಮ ಗೆಳತಿಯ ವಿಷಯ ಓದಿ ದುಃಖವಾಯಿತು, ಪಾಸ್‌ವರ್ಡ್ ಇಲ್ಲದೆ ತೆರೆಯುವ ಹಿಂಬಾಗಿಲು ಇದಕ್ಕೆ ಇಲ್ಲ, ಇರಬಾರದೆಂದೇ ನಾವು ಇಟ್ಟಿಲ್ಲ. ಇದೇ ಮಾತನ್ನು ಶಮಾ ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೆಮ್ಮೆಯಿಂದ ಹೇಳಿದ್ದಳು. ಈಗ ಓದುವಾಗ ಕಣ್ಣು ಮಂಜಾಯಿತು. ಒಂದೊಂದೇ ಪದ ಹಾಕಿ ನೋಡುವ ಸಣ್ಣ ಪ್ರೋಗ್ರಾಂ ಬರೆದು, ನಾಗರತ್ನಾ ಕಲಿಸುತ್ತಿದ್ದ ಕನ್ನಡ ಪಠ್ಯದ ಪದಗಳನ್ನೆಲ್ಲ ಅದಕ್ಕೆ ಕೊಟ್ಟಳು. ಕರೆಂಟು ಇದ್ದಷ್ಟು ಹೊತ್ತು ಅದು ಓಡುತ್ತಿತ್ತು.

ಹುಚ್ಚೇಶ ಸುಮ್ಮನೆ ಕೂಡಲಿಲ್ಲ. ಪಟ್ಟದಕಲ್ಲಿಗೆ ಹೋಗಿ ಅತ್ತೆಯನ್ನು ಕೇಳಿ ಬಂದ, ಹುನಗುಂದದಲ್ಲಿದ್ದ ಹೆಂಡತಿಯ ಗೆಳತಿಯನ್ನು ಕೇಳಿ ಬಂದ. ಬಂದಾಗೆಲ್ಲ ಶಮಾಳ ಮುಂದೆ ಕೂತು ಹೊಸ ಹೊಸ ಹೆಸರು ಹೇಳುತ್ತಿದ್ದ.

"ಗೌರಿ ಅಂತ ಒಂದು ಕರಾ ಸಾಕಿದ್ಲಂತ್ರಿ, ಹಾಕ್ರಿ. ಮಲಪ್ರಭಾ ಅಂತ ಹಾಕ್ರಿ. ಸಣ್ಣಾಕಿದ್ದಾಗ ಹೊಳ್ಯಾಗ ಹುಡುಗೂರ ಜೋಡಿ ಈಸ್ತಿದ್ಲಂತ, ಈ ದಂಡಿಯಿಂದ ಆ ದಂಡಿಗೆ." ಒಂದು ಗಳಿಗೆ ಅವನ ಮುಖದಲ್ಲಿ ನಗು ಬಂದು ಹೋಯಿತು. "ಆಕಿಗೆ ಈಸಾಕ ಬರ್ತದ ಅಂತ ನನಗ ಗೊತ್ತ ಇದ್ದಿಲ್ರಿ."

ಕರುವಿನ ಹೆಸರಿಗೂ ತೆರೆಯಲಿಲ್ಲ, ಹೊಳೆಯ ಹೆಸರಿಗೂ ತೆರೆಯಲಿಲ್ಲ.

"ಅಣ್ಣಾರ," ಶಮಾ ಮೆಲ್ಲಗೆ ಅಂದಳು, "ಎಲ್ಲಾ ಪದ ಹಾಕಿ ನೋಡಾಕ ನಮ್ಮ ಆಯುಷ್ಯ ಸಾಲೂದಿಲ್ಲ. ಕಂಪ್ಯೂಟರ್ ಇಲ್ಲೇ ಇರಲಿ. ನಾ ಬಿಡೂದಿಲ್ಲ, ಆದ್ರ ನೀವು ಆಸೆ ಇಟಗೋಬ್ಯಾಡ್ರಿ."

"ಶ್ರುತಿ ಇನ್ನಾ ಸಣ್ಣದೈತ್ರಿ. ಅವ್ವ ಹೆಂಗ ಮಾತಾಡ್ತಿದ್ಲು ಅಂತ ಮರತ ಬಿಡತೈತಿ," ಅಂದ ಹುಚ್ಚೇಶ. ಏಳಲಿಲ್ಲ.

ಶಮಾಳಿಗೂ ಅವನನ್ನು ಹಾಗೇ ಕಳಿಸುವ ಮನಸ್ಸಾಗಲಿಲ್ಲ. ಮತ್ತೆ ಕೀಬೋರ್ಡ್ ಎಳೆದುಕೊಂಡಳು.

"ಬಣ್ಣದ ಹೆಸರು ಹಾಕಿ ನೋಡೂಣ್ರಿ. ಭಾಳ ಮಂದಿ ಅದನ್ನ ಇಡ್ತಾರ. ಸಾಲಿಗೆ ದಿನಾ ಒಂದೊಂದು ಬಣ್ಣದ ಸೀರಿ ಉಟ್ಟು ಬರ್ತಿದ್ಲು, ನಾ ಎಂದೂ ಕೇಳಲಿಲ್ಲ. ಆಕಿಗೆ ಯಾವ ಬಣ್ಣ ಸೇರ್ತಿತ್ತ್ರಿ?"

ಹುಚ್ಚೇಶ ಹೇಳಲು ಬಾಯಿ ತೆರೆದ. ಶಮಾಳ ಬೆರಳುಗಳು ಕೀಬೋರ್ಡಿನ ಮೇಲೆ ಕಾಯುತ್ತಿದ್ದವು. ಅವನು ತನ್ನ ಎರಡೂ ಅಂಗೈ ತಿರುವಿ ನೋಡಿಕೊಂಡ.

"ನಾ ನೇಯ್ದದ್ದು ಉಡ್ತಿದ್ಲರಿ," ಅಂದ.