ಯಾರು ಮಾಡಿದ್ದು?

ಕೃತಕ ಹೃದಯವನ್ನು ರೂಪಿಸಿದವಳು ಯಂತ್ರಮಾನವಿ ನೀಲಿ. ಆದರೆ ಸನ್ಮಾನದ ಶಾಲು ಹೊದ್ದು ಕೂತವರು ಅವಳನ್ನು ತಯಾರಿಸಿದ ಪ್ರೊಫೆಸರ್ ಶಂಭುಲಿಂಗ. "ಇದು ಪೂರ್ತಿ ನನ್ನದೇ ಕೆಲಸ" ಎಂದು ಅವರು ಮೈಕಿನಲ್ಲಿ ಹೇಳಿ ಮುಗಿಸಿದ್ದರಷ್ಟೇ, ಪತ್ರಕರ್ತೆಯೊಬ್ಬಳು ಎದ್ದು ನಿಂತಳು.

"ಸರ್, ನೀಲಿಗೆ ಸುಳ್ಳು ಹೇಳೋಕೆ ಬರದ ಹಾಗೆ ಮಾಡಿದೀನಿ ಅಂತ ನೀವೇ ಹೇಳ್ತಿದ್ರಿ. ಅವಳನ್ನೇ ಒಂದು ಮಾತು ಕೇಳಲಾ?"

ಶಂಭುಲಿಂಗರು ಶಾಲು ಸರಿಪಡಿಸಿಕೊಂಡರು. ಬೇಡ ಅನ್ನುವಂತಿಲ್ಲ. ಎದುರಿಗೇ ಹೆಂಡತಿ ಕೂತಿದ್ದಳು, ಪಕ್ಕದಲ್ಲಿ ಹಳೆಯ ಶಿಷ್ಯರು. ಯಾರ ಮುಖವನ್ನೂ ನೋಡಲಾಗದೆ ಅವರು ತಲೆ ತಗ್ಗಿಸಿದರು.

"ನೀಲಿ, ಈ ಹೃದಯ ಯಾರು ಮಾಡಿದ್ದಮ್ಮಾ?"

ನೀಲಿ ಆ ತಗ್ಗಿದ ತಲೆಯನ್ನು ಒಂದು ಗಳಿಗೆ ನೋಡಿದಳು.

"ನಮ್ಮ ಮೇಷ್ಟ್ರು" ಎಂದಳು.